ಕೊನೆಯ ಸಾಲಿಗೂ ಕೇಳಿಸಿದ ಪಿಟೀಲು

ಕಳೆದ ವರ್ಷ ನಮ್ಮ ಕಾಲೇಜಿನ ವಾರ್ಷಿಕೋತ್ಸವದಲ್ಲಿ ಗೆಳೆಯನ ಅಕೌಸ್ಟಿಕ್ ಗಿಟಾರ್ ಎರವಲು ತಂದು ಒಂದು ಹಾಡಿಗೆ ನುಡಿಸಿದ್ದೆ. ಇದ್ದದ್ದು ಎರಡೇ ಮೈಕು. ಒಂದು ಹಾಡುವವಳಿಗೆ, ಇನ್ನೊಂದು ತಬಲಾಕ್ಕೆ. ಕಾರ್ಯಕ್ರಮ ಮುಗಿದ ಮೇಲೆ ಕೊನೆಯ ಸಾಲಿನಲ್ಲಿ ಕೂತಿದ್ದ ನನ್ನ ತಂಗಿ ಓಡಿ ಬಂದು, ಗಿಟಾರ್ ಹಿಡಿದುಕೊಂಡು ಸುಮ್ಮನೆ ಯಾಕೆ ಕೂತಿದ್ದೆ ಎಂದು ಕೇಳಿದಳು! ಮೂರು ತಿಂಗಳ ಅಭ್ಯಾಸ ಅವಳ ಕಿವಿಯವರೆಗೂ ಹೋಗಿರಲಿಲ್ಲ.

ಈಗ ಪದವಿ ಮುಗಿದಿದೆ. ಅರಸೀಕೆರೆಯ ಮನೆಯಲ್ಲಿ ಕೂತು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಾ ಸಂಜೆ ಹೊತ್ತು ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದೇನೆ. ಅದರಲ್ಲಿ ಉಳಿಸಿದ ದುಡ್ಡಿಗೆ ಒಂದು ಗಿಟಾರ್ ಬರುತ್ತದೆ. ಒಂದೇ. ಅಕೌಸ್ಟಿಕ್ ಕೊಳ್ಳಲೋ ಎಲೆಕ್ಟ್ರಿಕ್ ಕೊಳ್ಳಲೋ ಎಂದು ವಾರಗಟ್ಟಲೆ ತಲೆ ಕೆಡಿಸಿಕೊಂಡೆ. ತಂಗಿಯ ಮಾತು ನೆನಪಾದಾಗಲೆಲ್ಲ ಎಲೆಕ್ಟ್ರಿಕ್ಕೇ ಸರಿ ಅನ್ನಿಸುತ್ತಿತ್ತು. ಇದನ್ನು ಪಕ್ಕದ ಮನೆಯ ನಿವೃತ್ತ ಮೇಷ್ಟ್ರ ಹತ್ತಿರ ಹೇಳಿಕೊಂಡೆ. ಅವರು ಗಿಟಾರ್ ವಿಷಯ ಬಿಟ್ಟು ಪಿಟೀಲು ಚೌಡಯ್ಯನವರ ಕಥೆ ತೆಗೆದರು. ಬೆಂಗಳೂರಿನ ಚೌಡಯ್ಯ ಸ್ಮಾರಕ ಭವನದ ಹೆಸರು ನಮಗೆಲ್ಲ ಗೊತ್ತು. ಆ ಭವನ ಪಿಟೀಲಿನ ಆಕಾರದಲ್ಲೇ ಯಾಕಿದೆ ಎಂದು ನಾನು ಮಾತ್ರ ಎಂದೂ ಯೋಚಿಸಿರಲಿಲ್ಲ.

ಚೌಡಯ್ಯನವರು ಹುಟ್ಟಿದ್ದು 1895ರಲ್ಲಿ, ಕಾವೇರಿ ಮತ್ತು ಕಪಿಲಾ ನದಿಗಳು ಸೇರುವ ತಿರುಮಕೂಡಲು ನರಸೀಪುರದಲ್ಲಿ. ಹದಿಹರೆಯದಲ್ಲಿ ಮೈಸೂರಿಗೆ ಬಂದು ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಕೃಷ್ಣಪ್ಪನವರು ಅರಮನೆಯ ವಿದ್ವಾಂಸರು, ದೊಡ್ಡ ಗಾಯಕರು, ಶಿಸ್ತಿಗೆ ಹೆಸರಾದವರು. ವರ್ಷಗಟ್ಟಲೆ ಗುರುವಿನ ಬಳಿಯೇ ಇದ್ದು ಕಲಿತರು. ಗಾಯಕರ ಕೈಕೆಳಗೆ ಪಿಟೀಲು ಕಲಿತದ್ದರಿಂದ ಅವರ ಕಮಾನು ಹಾಡುವ ದಾರಿಯಲ್ಲೇ ಹೋಗುತ್ತಿತ್ತು ಎಂದು ಮೇಷ್ಟ್ರು ಹೇಳಿದರು. ಆಗ ಅವರ ಕೈಯಲ್ಲಿದ್ದದ್ದು ಎಲ್ಲರ ಹತ್ತಿರವೂ ಇರುವಂಥ ನಾಲ್ಕು ತಂತಿಯ ಪಿಟೀಲು.

ಗುರುಗಳಿಗೂ ಇತರ ವಿದ್ವಾಂಸರಿಗೂ ಪಕ್ಕವಾದ್ಯ ನುಡಿಸುತ್ತಾ ಹೋದಂತೆ ಒಂದು ತೊಂದರೆ ಅವರ ಗಮನಕ್ಕೆ ಬಂತು. ಅದು ಕಛೇರಿಗಳಿಗೆ ಮೈಕು ಬಂದಿರದ ಕಾಲ. ಗಾಯಕರದ್ದು ತುಂಬು ಕಂಠ, ಪಕ್ಕದಲ್ಲಿ ಮೃದಂಗ. ಇವೆರಡರ ನಡುವೆ ಪಿಟೀಲಿನ ನಾದ ಹಿಂದೆ ಕೂತವರಿಗೆ ಸರಿಯಾಗಿ ಕೇಳುತ್ತಿರಲಿಲ್ಲ. ನನ್ನ ತಂಗಿಯ ದೂರೇ ಅವರಿಗೂ ಬಂದಿತ್ತು!

ಈ ತೊಂದರೆ ಯಾಕೆ ಬಂತು ಎಂಬುದು ನನಗೆ ಅರ್ಥವಾದದ್ದು ಮೊನ್ನೆ ಜಾವಗಲ್ ಮೇಲೆ ಬಸ್ಸಿನಲ್ಲಿ ಹಳೇಬೀಡಿಗೆ, ಅಲ್ಲಿಂದ ಬೇಲೂರಿಗೆ ಹೋಗಿದ್ದಾಗ. ಬೇಲೂರಿನ ಚೆನ್ನಕೇಶವ ದೇವಸ್ಥಾನ 1117ರದ್ದು. ಎರಡೂ ಕಡೆ ಗೋಡೆಗಳ ಮೇಲೆ ಮದ್ದಳೆ, ತಾಳ, ಕೊಳಲು ಹಿಡಿದವರು ಕಾಣುತ್ತಾರೆ. ಒಳಗಿನ ನವರಂಗದ ನಡುವೆ ನುಣುಪಾದ ದುಂಡು ಕಲ್ಲುಹಾಸು ಇದೆ. ಅದರ ಪಕ್ಕ ನಿಂತು ಮೆಲ್ಲಗೆ ಮಾತಾಡಿದರೂ ಕಂಬಗಳ ಆಚೆ ನಿಂತವರಿಗೆ ಕೇಳುತ್ತದೆ. ಕೇಳುವವರು ಹತ್ತಿರ, ಸುತ್ತ ಕಲ್ಲು. ಇಂಥ ಜಾಗದಲ್ಲಿ ವಾದ್ಯದ ಸಣ್ಣ ನಾದವೂ ಸಾಕು. ಸಂಗೀತ ದೇವಸ್ಥಾನ, ಅರಮನೆಗಳಿಂದ ಟಿಕೆಟ್ ಪಡೆದು ನೂರಾರು ಜನ ಕೂರುವ ಸಭೆಗಳಿಗೆ ಬಂದಾಗ ಅದೇ ನಾದ ಸಾಲದೇ ಹೋಯಿತು.

ಚೌಡಯ್ಯನವರು ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿ ಏಳು ಮಾಡಿದರು. ತಂತಿ ಜೋಡಿಯಾದಾಗ ಕಮಾನು ಒಮ್ಮೆಗೇ ಎರಡನ್ನು ಮೀಟುತ್ತದೆ, ನಾದ ತುಂಬಿಕೊಳ್ಳುತ್ತದೆ. ಹೇಳಲು ಸುಲಭ, ನುಡಿಸಲು ಕಷ್ಟ. ಒಂದು ಬೆರಳು ಎರಡು ತಂತಿಯನ್ನು ಸಮನಾಗಿ ಒತ್ತಬೇಕು. ಜೋಡಿಯಲ್ಲಿ ಒಂದು ತಂತಿ ಕೂದಲೆಳೆಯಷ್ಟು ಜಾರಿದರೂ ಅಪಶ್ರುತಿ ಎಲ್ಲರಿಗೂ ಗೊತ್ತಾಗುತ್ತದೆ. ಬಿರಡೆಗಳು ಹೆಚ್ಚಾದವು, ಕುದುರೆಯ ಮೇಲಿನ ಭಾರ ಹೆಚ್ಚಿತು. ಗುರುಗಳು ಏನನ್ನುವರೋ ಎಂಬ ಅಳುಕಿನಿಂದ ಮೊದಲು ಅವರಿಗೆ ತಿಳಿಸದೆಯೇ ಈ ಪಿಟೀಲನ್ನು ಕಛೇರಿಗೆ ತಂದರಂತೆ, ನಾದ ಕೇಳಿದ ಮೇಲೆ ಗುರುಗಳು ಒಪ್ಪಿದರಂತೆ. ಒಪ್ಪದ ಸಂಪ್ರದಾಯಸ್ಥರೂ ಇದ್ದರು. ಅಷ್ಟಕ್ಕೂ ಪಿಟೀಲೇ ಯುರೋಪಿನಿಂದ ಬಂದ ವಾದ್ಯ. ಅದನ್ನು ನಮ್ಮದಾಗಿಸಿಕೊಂಡವರ ಸಾಲಿನಲ್ಲಿ ಚೌಡಯ್ಯನವರು ಒಂದು ಹೆಜ್ಜೆ ಮುಂದೆ ಹೋದರು, ಅಷ್ಟೇ.

ಹೆಚ್ಚು ಕಡಿಮೆ ಅದೇ ಕಾಲದಲ್ಲಿ ಅಮೆರಿಕದ ಗಿಟಾರ್ ವಾದಕರಿಗೂ ಇದೇ ಸಂಕಟ. ನೃತ್ಯಮಂದಿರಗಳ ದೊಡ್ಡ ವಾದ್ಯವೃಂದದಲ್ಲಿ ತುತ್ತೂರಿ, ಡ್ರಮ್‌ಗಳ ನಡುವೆ ಗಿಟಾರ್ ಕೇಳುತ್ತಲೇ ಇರಲಿಲ್ಲ. ಅಲ್ಲಿನವರು ತಂತಿಯ ಕೆಳಗೆ ಅಯಸ್ಕಾಂತ ಮತ್ತು ತಾಮ್ರದ ಸುರುಳಿ ಇಟ್ಟು, ಕಂಪನವನ್ನು ವಿದ್ಯುತ್ತಾಗಿ ಬದಲಿಸಿ ಸ್ಪೀಕರಿಗೆ ಕಳಿಸಿದರು. 1930ರ ದಶಕದ ಆರಂಭದಲ್ಲಿ ರಿಕನ್‌ಬ್ಯಾಕರ್ ಕಂಪನಿಯ ಎಲೆಕ್ಟ್ರಿಕ್ ಗಿಟಾರ್ ಮಾರುಕಟ್ಟೆಗೆ ಬಂತು. 1939ರಲ್ಲಿ ಚಾರ್ಲಿ ಕ್ರಿಶ್ಚಿಯನ್ ಎಂಬ ಯುವಕ ಬೆನ್ನಿ ಗುಡ್‌ಮನ್ ಅವರ ತಂಡ ಸೇರಿ, ಹಿಂದೆ ಕೂತು ತಾಳ ಕೊಡುತ್ತಿದ್ದ ಗಿಟಾರನ್ನು ಮುಂದಿನ ಸಾಲಿಗೆ ತಂದ. ಅಂದರೆ ಎಲೆಕ್ಟ್ರಿಕ್ ಗಿಟಾರ್ ಹುಟ್ಟಿದ್ದು ಶೋಕಿಗಲ್ಲ, ಕೇಳಿಸಲಿ ಎಂದು.

ಏಳು ತಂತಿಯ ಪಿಟೀಲು ಹಿಡಿದ ಚೌಡಯ್ಯನವರು ದಕ್ಷಿಣ ಭಾರತವನ್ನೆಲ್ಲ ಸುತ್ತಿದರು. ಚೆಂಬೈ ವೈದ್ಯನಾಥ ಭಾಗವತರ ಗಾಯನ, ಚೌಡಯ್ಯನವರ ಪಿಟೀಲು, ಪಾಲ್ಘಾಟ್ ಮಣಿ ಅಯ್ಯರ್ ಅವರ ಮೃದಂಗ ಸೇರಿದ ಕಛೇರಿಗಳನ್ನು ಹಿರಿಯರು ಇವತ್ತಿಗೂ ನೆನೆಯುತ್ತಾರೆ. ಮೈಸೂರು ಅರಮನೆ ಅವರನ್ನು ಆಸ್ಥಾನ ವಿದ್ವಾಂಸರನ್ನಾಗಿ ಗೌರವಿಸಿತು. ತ್ರಿಮಕುಟ ಎಂಬ ಅಂಕಿತದಲ್ಲಿ ಕೃತಿಗಳನ್ನು ರಚಿಸಿದರು. 1943ರಲ್ಲಿ ತೆರೆಗೆ ಬಂದ ‘ವಾಣಿ’ ಎಂಬ ಕನ್ನಡ ಚಿತ್ರದಲ್ಲೂ ಕಾಣಿಸಿಕೊಂಡರು. ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಾಲೇಜು ತೆರೆದು ಶಿಷ್ಯರನ್ನು ಬೆಳೆಸಿದರು. 1957ರಲ್ಲಿ ಮದ್ರಾಸಿನ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದು ಬಂತು. 1967ರ ಜನವರಿಯಲ್ಲಿ ತೀರಿಕೊಂಡರು. ಹದಿಮೂರು ವರ್ಷಗಳ ನಂತರ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಆ ಭವನ ಎದ್ದು ನಿಂತಿತು. ಒಬ್ಬ ಪಕ್ಕವಾದ್ಯಗಾರರ ಹೆಸರಿನಲ್ಲಿ ಅಷ್ಟು ದೊಡ್ಡ ಸಭಾಂಗಣ!

ಈ ಕಥೆ ಕೇಳಿದ ಮೇಲೆ ನನ್ನ ಪ್ರಶ್ನೆಯೇ ಬದಲಾಯಿತು. ಚೌಡಯ್ಯನವರು ಮೂರು ತಂತಿ ಸೇರಿಸಿದ್ದು ಕಲಿಕೆಯ ಮೊದಲ ದಿನವಲ್ಲ. ನಾಲ್ಕು ತಂತಿಯ ಮೇಲೆ ವರ್ಷಗಟ್ಟಲೆ ಕೈ ಪಳಗಿಸಿ, ಕಛೇರಿಗಳಲ್ಲಿ ಕೂತು, ತನಗೆ ಯಾವ ಕೊರತೆ ಇದೆ ಎಂದು ಖಚಿತವಾಗಿ ತಿಳಿದ ಮೇಲೆ. ನಾನೋ, ಒಂದೇ ಒಂದು ಹಾಡು ನುಡಿಸಿ ಕೊರತೆಯೆಲ್ಲ ವಾದ್ಯದ್ದು ಎಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಅಂದು ನನಗೆ ಬೇಕಿದ್ದದ್ದು ಎಲೆಕ್ಟ್ರಿಕ್ ಗಿಟಾರ್ ಅಲ್ಲ, ಇನ್ನೊಂದು ಮೈಕು.

ಹಾಗಂತ ಎಲ್ಲರೂ ಅಕೌಸ್ಟಿಕ್ಕೇ ಕೊಳ್ಳಿ ಎನ್ನುವುದಿಲ್ಲ. ರಾಕ್ ಬ್ಯಾಂಡ್ ಸೇರುವ ಆಸೆ ಇದ್ದರೆ, ಡ್ರಮ್ ಜೊತೆ ನುಡಿಸಬೇಕಿದ್ದರೆ ಎಲೆಕ್ಟ್ರಿಕ್ ಬೇಕೇ ಬೇಕು. ಅದರ ತಂತಿ ತೆಳು, ಬೆರಳಿಗೆ ನೋವು ಕಡಿಮೆ. ಹಾಸ್ಟೆಲ್ಲಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಯಾರ ನಿದ್ದೆಯೂ ಕೆಡದಂತೆ ಅಭ್ಯಾಸ ಮಾಡಬಹುದು. ಆದರೆ ಆಂಪ್ಲಿಫೈಯರ್, ಕೇಬಲ್ ಎಂದು ಖರ್ಚು ಬೆಳೆಯುತ್ತದೆ, ಕರೆಂಟ್ ಹೋದರೆ ಸದ್ದೂ ಹೋಗುತ್ತದೆ. ಅಕೌಸ್ಟಿಕ್ಕಿಗೆ ಅದರ ಮರದ ಹೊಟ್ಟೆಯೇ ಸ್ಪೀಕರ್. ಮೊದಲ ತಿಂಗಳುಗಳಲ್ಲಿ ಬೆರಳು ಉರಿಯುತ್ತದೆ, ಆಮೇಲೆ ಗಟ್ಟಿಯಾಗುತ್ತದೆ. ಮುಂದೆ ಬೇಕಾದರೆ ಅದಕ್ಕೇ ಪಿಕಪ್ ಕೂರಿಸಿ ಸ್ಪೀಕರಿಗೆ ಜೋಡಿಸಬಹುದು. ನಾನು ಎಲ್ಲಿ, ಯಾರ ಮುಂದೆ, ಯಾರ ಜೊತೆ ನುಡಿಸುತ್ತೇನೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕರೆ ಯಾವ ಗಿಟಾರ್ ಎಂಬುದು ತಾನಾಗಿ ತಿಳಿಯುತ್ತದೆ.

ನಾನು ಮೈಸೂರಿಗೆ ರೈಲು ಹತ್ತಿ ಹೋಗಿ ಅಕೌಸ್ಟಿಕ್ ಗಿಟಾರ್ ತಂದೆ. ಉಳಿದ ದುಡ್ಡಿನಲ್ಲಿ ಪರೀಕ್ಷೆಯ ಪುಸ್ತಕಗಳೂ ಬಂದವು. ಈಗ ದಿನಾ ಓದು ಮುಗಿದ ಮೇಲೆ ನಡುಮನೆಯಲ್ಲಿ ಕೂತು ನುಡಿಸುತ್ತೇನೆ. ತಂಗಿಯನ್ನು ಹೊರಗಿನ ಜಗಲಿಯಲ್ಲಿ ಕೂರಿಸಿದ್ದೇನೆ. ಸ್ವರ ತಪ್ಪಿದಾಗಲೆಲ್ಲ ಅಲ್ಲಿಂದಲೇ ಕೂಗಿ ಹೇಳುತ್ತಾಳೆ. ಸದ್ಯಕ್ಕೆ ನನ್ನ ಕೊನೆಯ ಸಾಲಿಗೆ ಚೆನ್ನಾಗಿಯೇ ಕೇಳುತ್ತಿದೆ.