ಮೆಡೋಸ್ ಟೇಲರ್ ಸಾಹೇಬರೂ ಅವರ ಸೀಸಕಡ್ಡಿಯೂ

ಕಳೆದ ವರ್ಷ ಪಾಲಕರ ಸಭೆಯ ದಿವಸ ಅಂತೂರ ಬೆಂತೂರಿನಿಂದ ಬಂದಿದ್ದ ತಂದೆಯೊಬ್ಬರು, ಸಭೆ ಮುಗಿದ ಬಳಿಕ ನಮ್ಮ ಕೋಣೆಯ ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದು, ಕಡೆಗೆ ಸಂಕೋಚದಿಂದ ಒಂದು ಮಾತನ್ನು ಕೇಳಿದರು. ತಮ್ಮ ಮಗಳು ಸಂಜೆಯ ವೇಳೆ ಗಣಿತವನ್ನು ಬದಿಗಿಟ್ಟು ಎತ್ತು, ಬಂಡಿ, ಕಣದ ರಾಶಿ, ಅಜ್ಜಿಯ ಮುಖ ಇವುಗಳನ್ನು ಸೀಸಕಡ್ಡಿಯಿಂದ ಬರೆಯುತ್ತ ಕೂಡುವಳೆಂದೂ, ಆಕೆಯನ್ನು ಚಿತ್ರಗಾರಳನ್ನಾಗಿ ಮಾಡುವ ವಿಚಾರವು ಮನೆಯಲ್ಲಿ ಯಾರಿಗೂ ಇಲ್ಲವೆಂದೂ, ಹೀಗಿರಲು ಶಾಲೆಯವರು ವಾರಕ್ಕೆ ಎರಡು ತಾಸು ಈ ವಿಷಯಕ್ಕಾಗಿ ಕಳೆಯುವದೇಕೆಂದೂ ಅವರ ಪ್ರಶ್ನೆಯಾಗಿತ್ತು. ಆ ದಿವಸ ನಾವು ಕೊಟ್ಟ ಉತ್ತರವು ಅವಸರದ್ದು. ಅವರು ತಲೆದೂಗಿ ಹೋದರು. ಆದರೆ ಒಪ್ಪಿ ಹೋಗಲಿಲ್ಲ. ಚಿತ್ರವನ್ನು ಹೊಟ್ಟೆಯ ಉದ್ಯೋಗವಾಗಿ ಮಾಡಿಕೊಳ್ಳದೆಯೇ ಬಹುಕಾಲ ಚಿತ್ರ ಬರೆದ ಒಬ್ಬರ ಚರಿತ್ರೆಯನ್ನು ಅವರಿಗೆ ಹೇಳಬೇಕಾಗಿತ್ತೆಂದು ಆ ಮೇಲೆ ತೋಚಿತು. ಅದನ್ನೇ ಈ ಸ್ಮರಣಸಂಚಿಕೆಯಲ್ಲಿ ಅವರಿಗೂ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಒಪ್ಪಿಸುತ್ತೇವೆ.

ಫಿಲಿಪ್ ಮೆಡೋಸ್ ಟೇಲರರು 1808ನೆಯ ಇಸವಿಯ ಸಪ್ಟಂಬರ 25ರಂದು ಇಂಗ್ಲೆಂಡಿನ ಲಿವರ್‌ಪೂಲ್ ಪಟ್ಟಣದಲ್ಲಿ ಹುಟ್ಟಿದರು. ತಂದೆಯ ವ್ಯಾಪಾರವು ಇಳಿಮುಖವಾದ್ದರಿಂದ ಹುಡುಗನ ಶಾಲೆಯು ಬೇಗನೆ ಮುಗಿಯಿತು. ಕೆಲಕಾಲ ವರ್ತಕರ ಕಚೇರಿಯೊಂದರಲ್ಲಿ ದುಡಿದು, 1824ರಲ್ಲಿ, ಅಂದರೆ ಇನ್ನೂ ಹದಿನಾರು ತುಂಬದಿರುವಾಗ, ಮುಂಬಯಿಯ ವ್ಯಾಪಾರಿಯೊಬ್ಬನ ಬಳಿಗೆ ಹಡಗು ಹತ್ತಬೇಕಾಯಿತು. ಇಲ್ಲಿಗೆ ಬಂದು ನೋಡಿದರೆ ಆ ವ್ಯಾಪಾರವೂ ಮುಳುಗುವ ಸ್ಥಿತಿಯಲ್ಲಿತ್ತು. ಅದೇ ವರ್ಷ ಹೈದರಾಬಾದ ನಿಜಾಮರ ಸೈನ್ಯದಲ್ಲಿ ಒಂದು ಸ್ಥಾನ ದೊರೆಯಿತು. ನಮ್ಮ ಒಂಬತ್ತನೆಯ ಇಯತ್ತೆಯ ಹುಡುಗಿಯರ ವಯಸ್ಸಿನಲ್ಲಿ ಆ ಬಾಲಕನು ತನ್ನವರೆಂಬುವರಿಲ್ಲದ ನಾಡಿನಲ್ಲಿ ನಿಂತಿದ್ದನೆಂಬದನ್ನು ತಾಯಂದಿರು ಲಕ್ಷ್ಯಕ್ಕೆ ತಂದುಕೊಳ್ಳಬೇಕು.

ಮುಂದಿನ ವಿದ್ಯೆಯೆಲ್ಲ ಅವರು ತಾವಾಗಿಯೇ ಸಂಪಾದಿಸಿದ್ದು. ಈ ದೇಶದ ಭಾಷೆಗಳನ್ನು ಕಲಿತರು. ಭೂಮಾಪನ, ಕಾಯದೆ, ಕಟ್ಟಡದ ಕೆಲಸ ಇವುಗಳನ್ನು ಬೇಕಾದಾಗ ಬೇಕಾದಷ್ಟು ಕಲಿತುಕೊಂಡರು. ಠಗ್ಗರ ವಿಷಯವಾಗಿ 1839ರಲ್ಲಿ ಪ್ರಕಟಿಸಿದ ಕಾದಂಬರಿಯಿಂದ ಅವರ ಹೆಸರು ಇಂಗ್ಲೆಂಡಿನಲ್ಲೆಲ್ಲ ಹಬ್ಬಿತು. ಅದರ ಮರುವರ್ಷ ಟೀಪು ಸುಲ್ತಾನನ ಕಾದಂಬರಿಯೂ, ಬಹುಕಾಲದ ಮೇಲೆ 1863ರಲ್ಲಿ ತಾರಾ ಎಂಬದೂ ಹೊರಬಂದವು. ಸಾಹಿತ್ಯದ ಪುಸ್ತಕಗಳಲ್ಲಿ ಇಷ್ಟು ಸಿಗುತ್ತದೆ. ನಾವು ಅಲ್ಲಿ ನಿಲ್ಲುವದಿಲ್ಲ.

ಕಾದಂಬರಿಗಿಂತ ಎರಡು ವರ್ಷ ಮೊದಲೇ, 1837ರಲ್ಲಿ, ದಖ್ಖನದ ನೋಟಗಳೆಂಬ ಅರ್ಥದ ಹೆಸರಿನಿಂದ ಟೇಲರರ ಚಿತ್ರಗಳ ಪುಸ್ತಕವೊಂದು ಲಂಡನ್ನಿನಲ್ಲಿ ಹೊರಬಿದ್ದಿತ್ತು. ಅವರು ಇಲ್ಲಿ ಬರೆದ ಚಿತ್ರಗಳನ್ನು ಅಲ್ಲಿಯ ನುರಿತ ಕೈಗಳು ಕಲ್ಲಿನ ಮೇಲೆ ತಿರುಗಿ ಬರೆದು ಅಚ್ಚು ಹಾಕಿದವು. ಕಲ್ಲಚ್ಚೆಂಬದು ಇದೇ. ಕನ್ನಡದ ಮೊದಲ ವೃತ್ತಪತ್ರಿಕೆಯಾದ ಮಂಗಳೂರ ಸಮಾಚಾರವೂ 1843ರಲ್ಲಿ ಬಾಸೆಲ್ ಮಿಶನ್ನಿನ ಕಲ್ಲಚ್ಚಿನಲ್ಲಿಯೇ ಹುಟ್ಟಿತು. ನಯವಾದ ಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಬರೆದರೆ ಬಳಪದ ಒರಟುತನವೂ, ಕೈಯ ಭಾರವೂ ಕಾಗದದ ಮೇಲೆ ಇದ್ದಕ್ಕಿದ್ದಂತೆ ಇಳಿಯುತ್ತವೆ. ಆದಕಾರಣ ಸೀಸಕಡ್ಡಿಯ ನೆರಳಿಗೆ ಈ ಅಚ್ಚು ಬಹಳ ಒಪ್ಪುವದು.

ನೆರಳಿನ ಮಾತು ಬಂದದ್ದರಿಂದ ತುಸು ಪಕ್ಕಕ್ಕೆ ಸರಿದು ಪಾಠವನ್ನೇ ಹೇಳುತ್ತೇವೆ. ಹಳೆಯ ವಿದ್ಯಾರ್ಥಿನಿಯರು ನಗಬಾರದು. ಹೊಸದಾಗಿ ಕಲಿಯುವವಳ ಮುಂದೆ ತಂಬಿಗೆಯನ್ನಿಟ್ಟರೆ ಆಕೆಯು ಮೊದಲು ಅದರ ಸುತ್ತಲೂ ಕಪ್ಪಾದ ಗೆರೆಯೊಂದನ್ನು ಎಳೆಯುತ್ತಾಳೆ. ತಂಬಿಗೆಗೆ ಅಂಥ ಗೆರೆ ಎಲ್ಲಿಯೂ ಇಲ್ಲ. ಒಂದೇ ಕಿಟಕಿಯನ್ನು ತೆರೆದು ಕಣ್ಣನ್ನು ಅರೆಮುಚ್ಚಿ ನೋಡಬೇಕು: ಬೆಳಕು ಬಿದ್ದ ಕಡೆ ಕಾಗದದ ಬಿಳುಪು, ನಡುವೆ ಬೂದು, ಆಚೆಗೆ ಕಪ್ಪು, ಆ ಕಪ್ಪಿನ ಅಂಚಿನಲ್ಲಿ ಮತ್ತೆ ಒಂದಿಷ್ಟು ತಿಳಿಬಣ್ಣ, ಅದು ನೆಲದಿಂದಲೋ ಗೋಡೆಯಿಂದಲೋ ಮರಳಿ ಬಂದ ಬೆಳಕು. ಈ ಕಡೆಯದನ್ನು ಕಂಡವಳ ತಂಬಿಗೆಯು ದುಂಡಾಗುತ್ತದೆ, ಕಾಣದವಳದು ರೊಟ್ಟಿಯ ಹಾಗೆ ಚಪ್ಪಟೆಯಾಗಿ ಉಳಿಯುತ್ತದೆ. ತಂಬಿಗೆಯ ನೆರಳು ನೆಲದ ಮೇಲೆ ಬಿದ್ದಲ್ಲಿ, ಬುಡಕ್ಕೆ ತಾಗಿದ ಕಡೆ, ಎಲ್ಲಕ್ಕಿಂತ ಹೆಚ್ಚು ಕಪ್ಪು. ಫ್ರಾನ್ಸಿನ ಕೊಂತೆಯು 1795ರಲ್ಲಿ ಕರಿಸೀಸದ ಪುಡಿಗೆ ಜೇಡಿಮಣ್ಣನ್ನು ಬೆರೆಸಿ ಸುಡುವ ರೀತಿಯನ್ನು ಕಂಡುಹಿಡಿದಂದಿನಿಂದ ಗಟ್ಟಿ ಕಡ್ಡಿ, ಮೆತ್ತನೆಯ ಕಡ್ಡಿ ಎಂದು ಬೇಕಾದ ಹದದವು ಸಿಗುತ್ತವೆ. ಮಣ್ಣು ಹೆಚ್ಚಾದರೆ ಗಟ್ಟಿ, ಸೀಸ ಹೆಚ್ಚಾದರೆ ಮೆತ್ತಗೆ. ಎಚ್ ಗುರುತಿನದರಿಂದ ಆಕಾರವನ್ನು ಹಗುರಾಗಿ ಇಟ್ಟುಕೊಂಡು ಬಿ ಗುರುತಿನದರಿಂದ ನೆರಳು ತುಂಬುವದು ವಾಡಿಕೆ. ಗೆರೆಯ ಪಕ್ಕಕ್ಕೆ ಗೆರೆ, ಅದರ ಮೇಲೆ ಅಡ್ಡಗೆರೆ, ಹೀಗೆ ಸಾವಕಾಶವಾಗಿ ತುಂಬಬೇಕು. ಬೆರಳಿನಿಂದ ತಿಕ್ಕಿ ಮಸಿ ಮಾಡುವದನ್ನು ನಾವು ಮೊದಲಿನಿಂದಲೂ ಸೈರಿಸಿಲ್ಲ. ಲಕ್ಕುಂಡಿಗೆ ಹುಡುಗಿಯರನ್ನು ಕರೆದೊಯ್ದಾಗ ಬಳಪದ ಕಲ್ಲಿನ ಆ ತಿರುವಿದ ಕಂಬಗಳ ಮುಂದೆ ಕೂಡ್ರಿಸುತ್ತೇವೆ. ಬಳೆ ಬಳೆಯಾಗಿ ಇರುವ ಆ ಕಂಬಕ್ಕೆ ನೆರಳು ಕೊಡಲು ಕಲಿತವಳಿಗೆ ಬೇರೆ ಗುರು ಬೇಕಾಗುವದಿಲ್ಲ.

ಇನ್ನು ಚರಿತ್ರೆಗೆ ಬರೋಣ. 1841ರಲ್ಲಿ ಟೇಲರರನ್ನು ಸುರಪುರಕ್ಕೆ ಕಳುಹಿಸಿದರು. ಅಲ್ಲಿಯ ನಾಯಕ ಅರಸುಮನೆತನದ ವೆಂಕಟಪ್ಪ ನಾಯಕನು ಆಗ ಬಾಲಕ. ಅವನು ಪ್ರಾಯಕ್ಕೆ ಬರುವ ವರೆಗೆ, 1853ರ ತನಕ, ಸಂಸ್ಥಾನದ ಮೇಲ್ವಿಚಾರಣೆಯು ಇವರ ಕೈಯಲ್ಲಿ ನಡೆಯಿತು. ಗುಡ್ಡದ ಮೇಲೆ ಅವರು ಕಟ್ಟಿಸಿದ ಬಂಗಲೆಯನ್ನು ಇಂದಿಗೂ ಟೇಲರ್ ಮಂಜಿಲ್ ಎಂದು ಕರೆಯುತ್ತಾರೆ. ಜನರ ಬಾಯಲ್ಲಿ ಮೆಡೋಸ್ ಎಂಬ ಹೆಸರು ಮಹಾದೇವನಾಗಿ, ಅವರು ಮಹಾದೇವ ಬಾಬಾ ಆದರು.

ಆ ಸೀಮೆಯ ಹೊಲಗಳಲ್ಲಿ ದೊಡ್ಡ ಗುಂಡುಗಳನ್ನು ವರ್ತುಲವಾಗಿ ಇಟ್ಟ ಸ್ಥಳಗಳೂ, ಚಪ್ಪಡಿಗಳನ್ನು ನಿಲ್ಲಿಸಿ ಮೇಲೆ ಚಪ್ಪಡಿ ಹೊದಿಸಿದ ಕಲ್ಲುಮನೆಗಳೂ ಬಹಳ ಇದ್ದವು. ಅವು ಪುರಾತನ ಜನರ ಗೋರಿಗಳು. ಟೇಲರರು ರಾಜನಕೋಳೂರು, ಜೇವರ್ಗಿ ಮೊದಲಾದ ಕಡೆಗಳಲ್ಲಿ ಕೆಲವನ್ನು ಅಗೆಯಿಸಿದರು. ಆ ಕಾಲದಲ್ಲಿ ಹಳೆಯ ಗೋರಿಯನ್ನು ಅಗೆಯುವದೆಂದರೆ ಒಳಗಿನ ಮಡಕೆ, ಆಯುಧ ಸಿಕ್ಕರೆ ತೆಗೆದುಕೊಂಡು ಉಳಿದದ್ದನ್ನು ಹಾಗೆಯೇ ಬಿಟ್ಟು ಹೋಗುವದು. ಇವರು ಹಾಗೆ ಮಾಡಲಿಲ್ಲ. ಗುಂಡಿಯ ಕಡಿದ ಗೋಡೆಯನ್ನು ನೋಡಿ, ಮೇಲಿನ ಕಲ್ಲಿನ ರಾಶಿ ಎಷ್ಟು, ಅದರ ಕೆಳಗಿನ ಮಣ್ಣು ಎಂಥದು, ಅಸ್ಥಿಪಂಜರಗಳು ಯಾವ ಮಟ್ಟದಲ್ಲಿ ಹೇಗೆ ಮಲಗಿವೆ, ಕಲ್ಲಿನ ಪೆಟ್ಟಿಗೆ ಎಲ್ಲಿದೆ, ಮಡಕೆ ಎಲ್ಲಿದೆ ಎಂಬದನ್ನು ಅಳತೆಸಹಿತವಾಗಿ ಬರೆದರು. ರೊಟ್ಟಿಯ ಬುತ್ತಿಯನ್ನು ಮೇಲಿನಿಂದ ಕೆಳಕ್ಕೆ ಕೊಯ್ದು ಪದರುಗಳನ್ನು ತೋರಿಸಿದ ಹಾಗೆ. ಈ ಚಿತ್ರಗಳೂ ವಿವರಣೆಯೂ ಮುಂಬಯಿಯ ಹಾಗೂ ಐರ್ಲೆಂಡಿನ ವಿದ್ವತ್ಸಂಸ್ಥೆಗಳ ಪತ್ರಿಕೆಗಳಲ್ಲಿ ಬಂದವು. ಆ ಗೋರಿಗಳಿಗೂ ತಮ್ಮ ಕಡೆಯ ದ್ವೀಪಗಳ ಗೋರಿಗಳಿಗೂ ಜನಾಂಗದ ಸಂಬಂಧವುಂಟೆಂದು ಅವರು ಕಟ್ಟಿದ ತರ್ಕವು ಮುಂದೆ ನಿಲ್ಲಲಿಲ್ಲ. ಚಿತ್ರಗಳು ನಿಂತವು. 1947ರಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆಯಿಸಿದ ಮಾರ್ಟಿಮರ್ ವೀಲರರು, 1954ರಲ್ಲಿ ಉತ್ಖನನದ ಪದ್ಧತಿಯ ಮೇಲೆ ಬರೆದ ಗ್ರಂಥದಲ್ಲಿ ಟೇಲರರ ಈ ಚಿತ್ರವನ್ನು ಹೊಗಳಿ, ತಮ್ಮ ಕಾಲಕ್ಕೆ ಬಹು ಮುಂದಿದ್ದ ಕೆಲಸವೆಂದು ಎತ್ತಿ ತೋರಿಸಿದರು. ಒಮ್ಮೆ ಅಗೆದ ಗೋರಿಯನ್ನು ಎರಡನೆಯ ಸಲ ಅಗೆಯಲು ಬರುವದಿಲ್ಲ. ಜೇವರ್ಗಿಯ ಆ ಗೋರಿಯ ಒಳಗು ಈಗ ಉಳಿದಿರುವದು ಆ ಕಾಗದದ ಮೇಲೆ ಮಾತ್ರ.

ಅವರ ಬಾಳಿನ ಕಹಿಯಾದ ಅಧ್ಯಾಯವನ್ನು ಮರೆಮಾಡುವದು ಸರಿಯಲ್ಲ. ಟೇಲರರು ಎಷ್ಟು ದಯಾಳುವಾದರೂ ಪರರಾಜ್ಯದ ಬಲವನ್ನೇ ಬೆನ್ನಿಗಿಟ್ಟುಕೊಂಡು ಆಳಿದವರು. ತಮ್ಮನ್ನು ಅಪ್ಪಾ ಎಂದು ಕರೆಯುತ್ತಿದ್ದ ವೆಂಕಟಪ್ಪ ನಾಯಕನು 1858ರಲ್ಲಿ ಇಂಗ್ಲಿಷರ ವಿರುದ್ಧ ಎದ್ದು ಸೆರೆಯಾದನು. ಟೇಲರರು ಸೆರೆಮನೆಯಲ್ಲಿ ಅವನನ್ನು ಕಂಡರು. ಮರಣದಂಡನೆಯು ಕಡಿಮೆಯಾಗುತ್ತ ನಾಲ್ಕು ವರ್ಷದ ಬಂಧನಕ್ಕೆ ಇಳಿಯಿತು. ಆದರೆ ಚೆಂಗಲಪಟ್ಟಿಗೆ ಒಯ್ಯುವ ದಾರಿಯಲ್ಲಿ ಪಿಸ್ತೂಲಿನ ಗುಂಡಿನಿಂದ ತರುಣನು ತೀರಿಕೊಂಡನು. ಸಂಸ್ಥಾನವು ನಿಜಾಮರ ಪಾಲಾಯಿತು. ತಾವು ಬೆಳೆಸಿದ ಹುಡುಗನಿಲ್ಲದ ಊರನ್ನು ಟೇಲರರು ಮತ್ತೆ ನೋಡಿಕೊಳ್ಳಬೇಕಾಯಿತು. ಆರೋಗ್ಯ ಕೆಟ್ಟು 1860ರಲ್ಲಿ ಅವರು ಸ್ವದೇಶಕ್ಕೆ ಮರಳಿದರು.

ಅಲ್ಲಿ ಕುಳಿತು ಅವರು ಮಾಡಿದ ಒಂದು ಕೆಲಸವು ನಮ್ಮ ಗದುಗಿನವರಿಗೆ ಹತ್ತಿರದ್ದು. ಡಾಕ್ಟರ್ ಪಿಗೂ ಮೊದಲಾದವರು ಧಾರವಾಡ, ಮೈಸೂರು ಸೀಮೆಗಳ ದೇವಾಲಯಗಳ ಛಾಯಾಚಿತ್ರಗಳನ್ನು ತೆಗೆದಿದ್ದರು. ಗದಗು, ಲಕ್ಕುಂಡಿಗಳೂ ಅವುಗಳಲ್ಲಿದ್ದವು. 1866ರಲ್ಲಿ ಅವು ಲಂಡನ್ನಿನಲ್ಲಿ ಪುಸ್ತಕವಾದಾಗ ಇತಿಹಾಸದ ಭಾಗವನ್ನು ಟೇಲರರೂ, ಶಿಲ್ಪದ ಟಿಪ್ಪಣಿಗಳನ್ನು ಫರ್ಗ್ಯುಸನ್ನರೂ ಬರೆದರು. ಸೀಸಕಡ್ಡಿಯು ಮಾಡುತ್ತಿದ್ದ ಕೆಲಸವನ್ನು ಆ ಹೊತ್ತಿಗೆ ಯಂತ್ರವು ಕೈಗೆತ್ತಿಕೊಂಡಿತ್ತು.

ನೋಡುವದರಲ್ಲಿಯೇ ಬಾಳಿದವರಿಗೆ ಕಡೆಯಲ್ಲಿ ದೃಷ್ಟಿಯೇ ಕೈಬಿಟ್ಟಿತು. 1875ರಲ್ಲಿ ಕಣ್ಣು ಮಂದವಾಗಿರುವಾಗಲೇ ಸಾಲಾರಜಂಗರ ಕರೆಯ ಮೇರೆಗೆ ಮತ್ತೊಮ್ಮೆ ಹೈದರಾಬಾದಿಗೆ ಬಂದರು. ಇಲ್ಲಿ ಜ್ವರ ಹಿಡಿಯಿತು. ಮರಳಿ ಹೋಗುವಾಗ ಫ್ರಾನ್ಸಿನ ಮೆಂತೋನಿನಲ್ಲಿ 1876ನೆಯ ಮೇ 13ರಂದು ತೀರಿಕೊಂಡರು. ಅವರು ಬರೆದಿಟ್ಟ ಆತ್ಮಚರಿತ್ರೆಯನ್ನು ಮರುವರ್ಷ ಮಗಳು ಆಲಿಸಳು ಸಿದ್ಧಪಡಿಸಿ ಪ್ರಕಟಿಸಿದಳು.

ಅಂತೂರ ಬೆಂತೂರಿನ ಆ ಹುಡುಗಿಯು ಲಕ್ಕುಂಡಿಯಲ್ಲಿ ಬರೆದ ಕಂಬವನ್ನು ಮುಂದಿನ ಪುಟದಲ್ಲಿ ಅಚ್ಚು ಹಾಕಿಸಿದ್ದೇವೆ. ಬಲಬದಿಯ ನೆರಳು ತುಸು ಹೆಚ್ಚಾಗಿದೆ, ನಾವು ತಿದ್ದಿಲ್ಲ.