ಲೋಲಕ ಹಿಡಿದು ಬಿರುಕು ಕಣಿವೆಗೆ

ಒಂಬತ್ತನೇ ತರಗತಿಯಲ್ಲಿ ನಮ್ಮ ವಿಜ್ಞಾನ ಮೇಷ್ಟ್ರು ದಾರಕ್ಕೆ ಕಲ್ಲು ಕಟ್ಟಿ ತೂಗುಬಿಟ್ಟು, ಇಪ್ಪತ್ತು ಆಂದೋಲನಕ್ಕೆ ಎಷ್ಟು ಸೆಕೆಂಡು ಎಂದು ಎಣಿಸಲು ಹೇಳಿದ್ದರು. ನಾನು ಹತ್ತೊಂಬತ್ತಕ್ಕೇ ನಿಲ್ಲಿಸಿ ಬೈಸಿಕೊಂಡಿದ್ದೆ. ಲೋಲಕದಿಂದ ನೆಲದಾಳವನ್ನೂ ಅಳೆಯಬಹುದೆಂದು ತಿಳಿದದ್ದು ಬಿ.ಇ. ಮುಗಿಸಿದ ಮೇಲೆ, ಎಡ್ವರ್ಡ್ ಬುಲ್ಲಾರ್ಡ್ ಅವರ ಬಗ್ಗೆ ಓದಿದಾಗ.

ಅವರು 1907ರಲ್ಲಿ ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ಹುಟ್ಟಿದರು. ಮನೆತನದ ಕಸುಬು ಬಿಯರ್ ತಯಾರಿಕೆ. ಕೇಂಬ್ರಿಡ್ಜ್‌ನಲ್ಲಿ ಭೌತಶಾಸ್ತ್ರ ಓದಿ, ಅಲ್ಲೇ ಭೂಭೌತ ವಿಭಾಗ ಸೇರಿದರು. 1933-34ರಲ್ಲಿ ಲೋಲಕಗಳೊಂದಿಗೆ ಪೂರ್ವ ಆಫ್ರಿಕಾದ ಬಿರುಕು ಕಣಿವೆಗೆ ಹೋದರು. ಕೆಳಗಿನ ಶಿಲೆ ಹಗುರವಾಗಿದ್ದರೆ ಅಲ್ಲಿ ಗುರುತ್ವ ಕೂದಲೆಳೆಯಷ್ಟು ಕಡಿಮೆ. ಲೋಲಕ ಅಷ್ಟೇ ನಿಧಾನ. ಕಣಿವೆಯಲ್ಲಿ ಗುರುತ್ವ ನಿರೀಕ್ಷೆಗಿಂತ ಕಡಿಮೆಯೇ ಬಂತು.

ಕಾರಣವೇನು? ಹಗುರವಾದದ್ದು ನೀರಿನಲ್ಲಿ ಮರದ ತುಂಡಿನಂತೆ ಮೇಲೇಳಬೇಕಲ್ಲ? ಎರಡೂ ಬದಿಯ ನೆಲ ಒತ್ತಿ ಅದನ್ನು ಕೆಳಗೇ ಹಿಡಿದಿದೆ ಎಂದು ಬುಲ್ಲಾರ್ಡ್ 1936ರಲ್ಲಿ ಬರೆದರು. ಅಳತೆ ಸರಿ, ಅರ್ಥ ತಪ್ಪು. ಅಲ್ಲಿ ನೆಲ ಒತ್ತುತ್ತಿಲ್ಲ, ಎರಡೂ ಕಡೆಗೆ ಎಳೆದುಕೊಳ್ಳುತ್ತಿದೆ. ಕುಸಿದ ಕಣಿವೆಯಲ್ಲಿ ತುಂಬಿದ ಸಡಿಲ ಮಣ್ಣು, ಬೂದಿ, ಆಳದ ಬಿಸಿ ಶಿಲೆ ಎಲ್ಲವೂ ಹಗುರ. ಗುರುತ್ವದ ತೊಡಕೇ ಇದು: ಒಂದೇ ಅಂಕಿಗೆ ಹತ್ತು ವಿವರಣೆ ಹೊಂದುತ್ತವೆ. ಅದಕ್ಕೇ ಈಗ ಕಾಂತೀಯ ಸರ್ವೆಯನ್ನೂ ಜೊತೆಗೆ ಮಾಡುತ್ತಾರೆ. ಮಣ್ಣಿನ ಪದರಗಳಲ್ಲಿ ಕಾಂತತೆ ಇಲ್ಲವೆನ್ನುವಷ್ಟು ಕಡಿಮೆ. ಹೂತ ಲಾವಾ, ತಳದ ಗಟ್ಟಿ ಶಿಲೆ ಎದ್ದು ಕಾಣುತ್ತವೆ.

ಒಮ್ಮೆ ನಾನೂ ಸರ್ವರ್‌ನ ಸರಿಯಾದ ಅಂಕಿಗಳನ್ನೇ ಹಿಡಿದು ಎರಡು ದಿನ ತಪ್ಪು ಕಾರಣಕ್ಕೆ ವಾದಿಸಿದ್ದೆ. ಒಪ್ಪಿಕೊಳ್ಳಲು ಮೂರನೇ ದಿನವೂ ಹಿಡಿಯಿತು.

ಯುದ್ಧಕಾಲದಲ್ಲಿ ಬುಲ್ಲಾರ್ಡ್ ಕಾಂತೀಯ ಸಿಡಿಗುಂಡುಗಳಿಂದ ಹಡಗುಗಳನ್ನು ಉಳಿಸುವ ಕೆಲಸ ಮಾಡಿದರು. ಆಮೇಲೆ 1965ರಲ್ಲಿ, ಇಬ್ಬರು ಸಹೋದ್ಯೋಗಿಗಳೊಂದಿಗೆ, ಆಫ್ರಿಕಾ ಮತ್ತು ದಕ್ಷಿಣ ಅಮೆರಿಕವನ್ನು ಕಂಪ್ಯೂಟರಿನಲ್ಲಿ ಜೋಡಿಸಿ ತೋರಿಸಿದರು. ದಡದ ಗೆರೆಯನ್ನಲ್ಲ, ಸುಮಾರು 900 ಮೀಟರ್ ಆಳದ ಗೆರೆಯನ್ನು ಆರಿಸಿಕೊಂಡರು, ಖಂಡದ ನಿಜವಾದ ಅಂಚು ಅಲ್ಲಿರುವುದರಿಂದ. ಕೈಯಲ್ಲಿ ಜೋಡಿಸಿದರೆ ಬೇಕಾದಂತೆ ಎಳೆದಿದ್ದೀರಿ ಎನ್ನಬಹುದು. ಇಲ್ಲಿ ಸಂದು ಕನಿಷ್ಠವಾಗುವ ಜಾಗವನ್ನು ಲೆಕ್ಕವೇ ಹುಡುಕಿತ್ತು. ನನ್ನ ವೃತ್ತಿಯವರು ಮೆಚ್ಚುವ ಕೆಲಸ! ಒಂದು ಕಾಲಕ್ಕೆ ಬಿರುಕು ಕಣಿವೆ ಒತ್ತಡದ್ದು ಎಂದವರೇ, ಖಂಡಗಳು ಬಿರಿದು ದೂರ ಸರಿದವು ಎಂಬುದಕ್ಕೆ ಸಾಕ್ಷಿ ಒದಗಿಸಿದರು.

1980ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡರು. 1570ರಿಂದ ಲಂಡನ್ನಿನಲ್ಲಿ ದಿಕ್ಸೂಚಿ ತೋರಿದ ದಿಕ್ಕುಗಳ ಬಗ್ಗೆ ಅವರು ಇನ್ನೊಬ್ಬರೊಂದಿಗೆ ಸೇರಿ ಬರೆದ ಪ್ರಬಂಧ ಮರುವರ್ಷ ಅಚ್ಚಾಯಿತು.