ರಹೀಂ ಮಾಸ್ತರರು

ಶತಮಾನೋತ್ಸವದ ಅಂಗವಾಗಿ ಕಾಲ್ಚೆಂಡಾಟದ ಪಂದ್ಯಾವಳಿಯೊಂದನ್ನು ನಡೆಸಬೇಕೆಂದು ನಮ್ಮ ಧರ್ಮಕೇಂದ್ರದ ತರುಣರು ಕೇಳಲು ಬಂದಾಗ ನಾವು ಮೊದಲು ನಕ್ಕುಬಿಟ್ಟೆವು. ನಮ್ಮದು ಎರೆಹೊಲದ ಸೀಮೆ. ಮಳೆಗಾಲದಲ್ಲಿ ಹೆಜ್ಜೆಯಿಟ್ಟರೆ ರಾಡಿಯು ಕಾಲನ್ನು ಬಿಡುವುದಿಲ್ಲ. ಬೇಸಗೆಯಲ್ಲಿ ನೆಲವು ಬಾಯ್ದೆರೆದು ನಿಂತಾಗ ಅದರ ಬಿರುಕಿನಲ್ಲಿ ಕಾಲು ಸಿಕ್ಕಿ ಉಳುಕುವುದೂ ಉಂಟು. ಇಲ್ಲಿ ಊರೂರಿಗೆ ಗರಡಿಮನೆಗಳಿದ್ದವು, ಕುಸ್ತಿಯ ಕಣಗಳಿದ್ದವು, ಕಬಡ್ಡಿಯ ಅಂಗಳಗಳಿದ್ದವು. ಕಾಲ್ಚೆಂಡು ಇಲ್ಲಿಗೆ ತಡವಾಗಿ ಬಂದ ಅತಿಥಿ. ಆದರೂ ತರುಣರ ಉತ್ಸಾಹಕ್ಕೆ ನಾವು ಒಪ್ಪಿದೆವು. 2024ರಲ್ಲಿ ತೆರೆಕಂಡ ಹಿಂದಿ ಚಲನಚಿತ್ರವೊಂದನ್ನು ನೋಡಿಬಂದಿದ್ದ ಅವರಲ್ಲೊಬ್ಬನು, ಈ ರಹೀಂ ಎಂಬವರು ನಿಜವಾಗಿಯೂ ಇದ್ದರೇ, ಅಥವಾ ಕಥೆಗಾಗಿ ಕಟ್ಟಿದ ವ್ಯಕ್ತಿಯೇ ಎಂದು ನಮ್ಮನ್ನು ಕೇಳಿದನು. ಆ ಪ್ರಶ್ನೆಗೆ ಉತ್ತರವಾಗಿ ಈ ಕೆಲವು ಪುಟಗಳನ್ನು ಬರೆಯುತ್ತಿದ್ದೇವೆ.

ಸೈಯದ್ ಅಬ್ದುಲ್ ರಹೀಂ ಅವರು ನಿಜವಾಗಿಯೂ ಇದ್ದರು. ಅದೂ ನಮಗೆ ಬಹು ದೂರದವರಾಗಿ ಅಲ್ಲ. ಅಣ್ಣಿಗೇರಿಯಿಂದ ರೈಲುಹಾದಿ ಹಿಡಿದು ಗದಗನ್ನು ದಾಟಿ ಕೊಪ್ಪಳದ ಸೀಮೆಯನ್ನು ಹೊಕ್ಕರೆ ಹಿಂದೆ ಅದು ಹೈದರಾಬಾದ್ ಸಂಸ್ಥಾನವಾಗಿತ್ತು. ಬೀದರ, ಗುಲ್ಬರ್ಗ, ರಾಯಚೂರುಗಳ ಕನ್ನಡಿಗರಿಗೆ 1956ರವರೆಗೂ ರಾಜಧಾನಿಯೆಂದರೆ ಹೈದರಾಬಾದೇ. ಆ ನಗರದಲ್ಲಿ 1909ರ ಆಗಸ್ಟ್ 17ರಂದು ರಹೀಂ ಅವರು ಜನಿಸಿದರು. ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಓದಿ ಪದವಿ ಪಡೆದರು. ಅಲ್ಲಿದ್ದಾಗಲೇ ಒಳ್ಳೆಯ ಆಟಗಾರನೆಂದು ಹೆಸರಾದರು. ಓದು ಮುಗಿದ ಮೇಲೆ ಅವರು ಹಿಡಿದ ವೃತ್ತಿ ಶಾಲಾಮಾಸ್ತರಿಕೆ. ಕಾಚಿಗುಡದ ಮಾಧ್ಯಮಿಕ ಶಾಲೆಯಲ್ಲಿಯೂ ಅನಂತರ ಚಾದರ್‌ಘಾಟ್ ಪ್ರೌಢಶಾಲೆಯೇ ಮೊದಲಾದ ಕಡೆಗಳಲ್ಲಿಯೂ ಪಾಠ ಹೇಳಿದರು. ದೈಹಿಕ ಶಿಕ್ಷಣದ ಡಿಪ್ಲೊಮಾ ಪಡೆದು ಶಾಲೆಯ ಆಟೋಟಗಳ ಹೊಣೆಯನ್ನೂ ವಹಿಸಿಕೊಂಡರು. ಮುಂದೆ ಅವರು ಎಷ್ಟೇ ಎತ್ತರಕ್ಕೆ ಏರಿದರೂ ಮೈದಾನದಲ್ಲಿ ಅವರ ನಡೆ, ನುಡಿ, ತಾಳ್ಮೆ, ಸಿಟ್ಟು ಎಲ್ಲವೂ ಒಬ್ಬ ಮಾಸ್ತರರದ್ದೇ ಆಗಿದ್ದುವು. ಇದನ್ನು ಮರೆತರೆ ರಹೀಂ ಅವರು ನಮಗೆ ಅರ್ಥವಾಗುವುದಿಲ್ಲ.

ನಮ್ಮ ಕಡೆಯ ಹಿರಿಯರಿಗೆ ತಿಳಿಯುವಂತೆ ಹೇಳುವುದಾದರೆ ಅವರು ಕಾಲ್ಚೆಂಡಿನ ವಸ್ತಾದರು. ಗರಡಿಯ ವಸ್ತಾದನು ತಾನು ಕಣಕ್ಕಿಳಿಯುವುದಿಲ್ಲ. ಕಟ್ಟೆಯ ಮೇಲೆ ಕುಳಿತು ಹುಡುಗನ ಮೈಯನ್ನೂ ಮನಸ್ಸನ್ನೂ ತೂಗಿ ನೋಡುತ್ತಾನೆ. ಕುಸ್ತಿ ಗೆದ್ದಾಗ ಹಲಗೆಯ ಸದ್ದು ಪೈಲವಾನನಿಗೆ ಸಲ್ಲುತ್ತದೆ, ವಸ್ತಾದನಿಗಲ್ಲ.

1943ರಲ್ಲಿ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯ ಸ್ಥಾನ ಅವರ ಪಾಲಿಗೆ ಬಂದಿತು. ಅಂದು ನಮ್ಮ ದೇಶದಲ್ಲಿ ಆಟವೆಂದರೆ ಚೆಂಡು ಸಿಕ್ಕವನು ಅದನ್ನು ಬಿಡದೆ ಎದುರಾಳಿಗಳನ್ನು ಒಬ್ಬೊಬ್ಬರನ್ನಾಗಿ ವಂಚಿಸುತ್ತ ಮುಂದೆ ಸಾಗುವುದು. ಜನರು ಮೆಚ್ಚಿ ಚಪ್ಪಾಳೆ ತಟ್ಟುತ್ತಿದ್ದುದೂ ಅದಕ್ಕೆ. ರಹೀಂ ಮಾಸ್ತರರಿಗೆ ಇದು ಒಗ್ಗಲಿಲ್ಲ. ಹನ್ನೊಂದು ಮಂದಿಯ ಆಟದಲ್ಲಿ ಒಬ್ಬನೇ ಮೆರೆದರೆ ಉಳಿದ ಹತ್ತು ಮಂದಿ ಮೈದಾನದಲ್ಲಿದ್ದೂ ಇಲ್ಲದವರಂತೆ ಎಂದು ಅವರು ಕಂಡುಕೊಂಡರು. ಆದರೆ ಅವರು ಉಪದೇಶಕ್ಕೆ ತೊಡಗಲಿಲ್ಲ. ಹುಡುಗರಿಗಾಗಿ ಹೊಸ ಹೊಸ ಪಂದ್ಯಾವಳಿಗಳನ್ನು ಏರ್ಪಡಿಸಿದರು. ಒಂದರಲ್ಲಿ ಚೆಂಡನ್ನು ಕಾಲಿನಲ್ಲಿ ಆಡಿಸುತ್ತ ಒಯ್ಯುವುದಕ್ಕೇ ಅವಕಾಶವಿಲ್ಲ. ಬಂದ ಚೆಂಡನ್ನು ಕೂಡಲೇ ಜೊತೆಗಾರನಿಗೆ ದಾಟಿಸಬೇಕು. ಇನ್ನೊಂದರಲ್ಲಿ ಯಾವ ಕಾಲು ಬಲಹೀನವೋ ಆ ಕಾಲಿನಿಂದಲೇ ಒದೆಯಬೇಕು. ಮತ್ತೊಂದು ಕುಳ್ಳ ಹುಡುಗರಿಗಾಗಿಯೇ ಮೀಸಲು. ಎತ್ತರ ಮೀರಿದವನಿಗೆ ಅಲ್ಲಿ ಪ್ರವೇಶವಿಲ್ಲ.

ಈ ಕೊನೆಯ ಸಂಗತಿಯನ್ನು ಓದಿದಾಗ ನಾವು ಪುಸ್ತಕವನ್ನು ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು. ಗುರುಮಠದಲ್ಲಿ ಓದುತ್ತಿದ್ದ ಕಾಲದಲ್ಲಿ ನಿತ್ಯವೂ ಸಂಜೆ ಕಾಲ್ಚೆಂಡಾಟವಿರುತ್ತಿತ್ತು. ನಾವು ಕುಳ್ಳರು, ಮೈಯಲ್ಲಿ ಸೊರಗಿದವರು. ತಂಡವನ್ನು ಆರಿಸುವಾಗ ನಮ್ಮ ಹೆಸರು ಕೊನೆಗೂ ಬರುತ್ತಿರಲಿಲ್ಲ. ಬೇಲಿಯಾಚೆಗೆ ಹೋದ ಚೆಂಡನ್ನು ತಂದುಕೊಡುವ ಕೆಲಸ ಮಾತ್ರ ಖಾಯಂ ಆಗಿ ನಮ್ಮದಾಗಿತ್ತು. ಅದರಲ್ಲಿ ಯಾರ ತಪ್ಪೂ ಇರಲಿಲ್ಲವೆನ್ನಿ. ತಪ್ಪು ನಮ್ಮದೇ ಆದುದು ಮುಂದೆ. ಗುರುಗಳಾಗಿ ಹಳ್ಳಿಗಳಿಗೆ ಬಂದ ಮೇಲೆ ಶಾಲೆಯ ತಂಡವನ್ನು ಕಟ್ಟುವಾಗ ನಾವೂ ಉದ್ದನೆಯ, ಗಟ್ಟಿಮುಟ್ಟಾದ ಹುಡುಗರನ್ನೇ ಆರಿಸಿದೆವು. ನಾವು ಬಿಟ್ಟ ಹುಡುಗರು ಎಷ್ಟು ಜನರೋ, ಅವರಲ್ಲಿ ಏನೇನಿತ್ತೋ, ಈಗ ಎಣಿಸಿ ಫಲವಿಲ್ಲ.

ಸಿಕಂದರಾಬಾದಿನ ಅಮ್ಮುಗುಡದ ಬಡ ಕುಟುಂಬದಲ್ಲಿ ಹುಟ್ಟಿದ ತುಳಸಿದಾಸ ಬಲರಾಮ್ ಎಂಬ ಹುಡುಗನನ್ನು ರಹೀಂ ಅವರು ಗುರುತಿಸಿದ ಪ್ರಸಂಗವು ಪ್ರಸಿದ್ಧವಾಗಿದೆ. ಹುಡುಗನಲ್ಲಿ ಕಲೆಯಿತ್ತು, ಆದರೆ ಅಭ್ಯಾಸಕ್ಕೆ ನಗರದವರೆಗೆ ಬಂದು ಹೋಗಲು ಕೈಯಲ್ಲಿ ಕಾಸಿರಲಿಲ್ಲ. ಬಾಡಿಗೆ ಸೈಕಲ್ಲಿನ ಹಣವನ್ನು ಮಾಸ್ತರರೇ ಕೊಟ್ಟರು. ಆ ಹುಡುಗನು ಎರಡು ಬಾರಿ ಒಲಿಂಪಿಕ್ಸ್‌ನಲ್ಲಿ ದೇಶಕ್ಕಾಗಿ ಆಡಿದನು. 2023ರಲ್ಲಿ ತೀರಿಕೊಳ್ಳುವವರೆಗೂ ಬಲರಾಮ್ ಅವರು ಆ ಉಪಕಾರವನ್ನು ಮರೆಯಲಿಲ್ಲ.

ಹೈದರಾಬಾದ್ ನಗರ ಪೊಲೀಸ್ ತಂಡವು ರಹೀಂ ಅವರ ಕೈಯಲ್ಲಿ ಪಳಗಿತು. 1950ರಿಂದ 1954ರವರೆಗೆ ಐದು ವರ್ಷಗಳ ಕಾಲ ಎಡೆಬಿಡದೆ ಮುಂಬಯಿಯ ರೋವರ್ಸ್ ಕಪ್ ಆ ತಂಡದ್ದಾಯಿತು. ಇತ್ತ ದೇಶದ ತಂಡದ ಹೊಣೆಯೂ ಅವರ ಹೆಗಲೇರಿತು. 1951ರ ಮಾರ್ಚಿಯಲ್ಲಿ ದೆಹಲಿಯಲ್ಲಿ ಜರುಗಿದ ಮೊದಲನೆಯ ಏಷ್ಯನ್ ಕ್ರೀಡಾಕೂಟದಲ್ಲಿ ನಮ್ಮವರು ಇಂಡೋನೇಷ್ಯ, ಅಫ್ಘಾನಿಸ್ತಾನಗಳನ್ನು ಸೋಲಿಸಿ, ಅಂತಿಮ ಪಂದ್ಯದಲ್ಲಿ ಮೇವಾಲಾಲ್ ಹೊಡೆದ ಒಂದೇ ಗೋಲಿನಿಂದ ಇರಾನನ್ನು ಗೆದ್ದು ಚಿನ್ನದ ಪದಕ ಪಡೆದರು.

ಮರುವರ್ಷವೇ ಪೆಟ್ಟು ಬಿದ್ದಿತು. 1952ರ ಜುಲೈಯಲ್ಲಿ ಹೆಲ್ಸಿಂಕಿಯ ಒಲಿಂಪಿಕ್ಸ್‌ನಲ್ಲಿ ಯುಗೋಸ್ಲಾವಿಯದ ಎದುರು ನಮ್ಮವರು ಒಂದಕ್ಕೆ ಹತ್ತು ಗೋಲುಗಳಿಂದ ಸೋತರು. ಆ ಒಂದು ಗೋಲನ್ನು ಹೊಡೆದವರು ನಮ್ಮ ಬೆಂಗಳೂರಿನ ಅಹಮದ್ ಖಾನ್ ಎಂಬುದಷ್ಟೇ ಸಮಾಧಾನ. ಆ ಚಳಿಯ ನಾಡಿನಲ್ಲಿ ನಮ್ಮ ಆಟಗಾರರಲ್ಲಿ ಅನೇಕರು ಬರಿಗಾಲಿನಲ್ಲಿ ಆಡಿದ್ದರು. ರಕ್ಷಣೆಗೆ ಇಬ್ಬರನ್ನೇ ಹಿಂದಿರಿಸುವ ಹಳೆಯ ಪದ್ಧತಿಯೂ ಮುರಿದುಬಿದ್ದಿತು. ಆ ಮೇಲೆ ಬೂಟುಗಳು ಕಡ್ಡಾಯವಾದುವು. ಅಂಥ ಸೋಲಿನ ಬಳಿಕ ಶಿಷ್ಯರನ್ನು ದೂರಿ ತಾವು ನುಣುಚಿಕೊಳ್ಳುವವರು ಬಹುಮಂದಿ. ರಹೀಂ ಅವರು ಮಾಡಿದುದು ಮಾಸ್ತರರ ಕೆಲಸ: ಪಾಠವನ್ನು ಮೊದಲಿನಿಂದ ತೆಗೆದರು. ಹಿಂಗಾವಲನ್ನು ಬಲಪಡಿಸಿದರು, ಮುಂದಿನ ಸಾಲಿನವನೊಬ್ಬನನ್ನು ಹಿಂದೆ ಸರಿಸಿ ಆಡಿಸಿದರು, ಓಟಕ್ಕೂ ಉಸಿರಿಗೂ ಕಠಿಣವಾದ ಅಭ್ಯಾಸ ಹಚ್ಚಿದರು. ಬ್ರೆಜಿಲ್ ದೇಶವು 1958ರಲ್ಲಿ ಜಗತ್ತಿಗೆಲ್ಲ ತೋರಿಸಿದ ನಾಲ್ಕು-ಎರಡು-ನಾಲ್ಕರ ವ್ಯೂಹವನ್ನು ರಹೀಂ ಅವರು ಅದಕ್ಕೆ ಮೊದಲೇ ಇಲ್ಲಿ ಕಲಿಸಿದ್ದರೆಂದು ಆಟದ ಇತಿಹಾಸ ಬಲ್ಲವರು ಬರೆದಿದ್ದಾರೆ.

ಫಲವು ಮೆಲ್ಬರ್ನ್‌ನಲ್ಲಿ ಕಂಡಿತು. 1956ರ ಒಲಿಂಪಿಕ್ಸ್‌ನಲ್ಲಿ ಹಂಗೆರಿಯ ತಂಡವು ಬಾರದೆ ಹೋದುದರಿಂದ ಮೊದಲ ಸುತ್ತು ಆಡದೆಯೇ ದಾಟಿತು. ಡಿಸೆಂಬರ್ 1ರಂದು ಆತಿಥೇಯ ಆಸ್ಟ್ರೇಲಿಯವನ್ನು ನಮ್ಮವರು ಎರಡಕ್ಕೆ ನಾಲ್ಕು ಗೋಲುಗಳಿಂದ ಸೋಲಿಸಿದರು. ಅವುಗಳಲ್ಲಿ ಮೂರನ್ನು ಹೊಡೆದವರು ನೆವಿಲ್ ಡಿಸೋಜ. ಮುಂಬಯಿಯಲ್ಲಿ ಆಡಿ ಬೆಳೆದ ಇವರು ಮೂಲತಃ ಘಟ್ಟದಾಚೆಯ ಗೋವೆಯವರು. ಒಲಿಂಪಿಕ್ಸ್ ಕಾಲ್ಚೆಂಡಾಟದ ಒಂದೇ ಪಂದ್ಯದಲ್ಲಿ ಮೂರು ಗೋಲು ಹೊಡೆದ ಮೊದಲ ಏಷ್ಯದವರೆಂಬ ಕೀರ್ತಿ ಅವರಿಗೆ ಸಂದಿತು. ಬೆಂಗಳೂರಿನ ಕೆಂಪಯ್ಯನವರೂ ಆ ತಂಡದಲ್ಲಿದ್ದರು. ಉಪಾಂತ್ಯ ಪಂದ್ಯದಲ್ಲಿ ಮತ್ತೆ ಅದೇ ಯುಗೋಸ್ಲಾವಿಯ. ಈ ಸಲ ಮೊದಲ ಗೋಲು ನಮ್ಮದು, ಅದೂ ನೆವಿಲ್ ಅವರದೇ. ಕಡೆಗೆ ನಾಲ್ಕು ಗೋಲು ಬಿಟ್ಟುಕೊಟ್ಟು ಸೋತರು. ಕಂಚಿನ ಪಂದ್ಯವನ್ನು ಬಲ್ಗೇರಿಯ ಗೆದ್ದಿತು. ನಾಲ್ಕನೆಯ ಸ್ಥಾನ. ಹತ್ತು ಗೋಲು ತಿಂದ ನಾಲ್ಕು ವರ್ಷಗಳಿಗೆ ಇದು ಸಾಮಾನ್ಯವಲ್ಲ. ಅದನ್ನು ಮೀರಿ ನಮ್ಮ ದೇಶವು ಒಲಿಂಪಿಕ್ಸ್ ಕಾಲ್ಚೆಂಡಾಟದಲ್ಲಿ ಇಂದಿಗೂ ಏರಿಲ್ಲ.

1960ರ ರೋಮ್ ಒಲಿಂಪಿಕ್ಸ್‌ನ ಕುರಿತು ಹೇಳಬೇಕಾದುದು ಎರಡೇ ಸಂಗತಿ. ಹಂಗೆರಿಯೊಡನೆ ಒಂದೇ ಗೋಲಿನ ಅಂತರದಲ್ಲಿ ಸೋತ ನಮ್ಮವರು ಫ್ರಾನ್ಸಿನೊಡನೆ ಸಮಬಲ ಸಾಧಿಸಿದರು; ಪೆರುವಿನೆದುರು ಸೋತು ಹೊರಬಿದ್ದರು. ಎರಡನೆಯದು ಮನೆಯ ಮಾತು. ರಹೀಂ ಅವರ ಮಗ ಸೈಯದ್ ಶಾಹಿದ್ ಹಕೀಂ ಆ ತಂಡದಲ್ಲಿದ್ದರು. ಮೂರು ಪಂದ್ಯಗಳು ನಡೆದುವು; ಮೂರರಲ್ಲಿಯೂ ಅವರು ಹೊರಗೇ ಕುಳಿತರು. ಮಗನನ್ನು ಒಂದು ಪಂದ್ಯದಲ್ಲಾದರೂ ಇಳಿಸಿದ್ದರೆ ಆ ಮನೆಯಲ್ಲಿ ಎಂಥ ಸಂತೋಷವಾಗುತ್ತಿತ್ತೆಂದು ತಂದೆಯಾದವರು ಯಾರೂ ಊಹಿಸಬಲ್ಲರು. ಹಕೀಂ ಅವರು ಮುಂದೆ ಅಂತರರಾಷ್ಟ್ರೀಯ ತೀರ್ಪುಗಾರರಾಗಿ ತಮ್ಮದೇ ಹೆಸರು ಗಳಿಸಿ 2021ರಲ್ಲಿ ನಿಧನರಾದರು.

ಇನ್ನು ಜಕಾರ್ತ. 1962ರ ಏಷ್ಯನ್ ಕ್ರೀಡಾಕೂಟಕ್ಕೆ ತಂಡವನ್ನು ಕರೆದೊಯ್ಯುವಾಗ ರಹೀಂ ಅವರ ದೇಹವನ್ನು ಶ್ವಾಸಕೋಶದ ಕ್ಯಾನ್ಸರ್ ಕೊರೆಯುತ್ತಿತ್ತು. ಅಲ್ಲಿಯ ಪರಿಸ್ಥಿತಿಯೂ ಹಿತವಾಗಿರಲಿಲ್ಲ. ಇಸ್ರೇಲ್ ಮತ್ತು ತೈವಾನ್ ದೇಶಗಳನ್ನು ಇಂಡೋನೇಷ್ಯ ಸರಕಾರವು ಹೊರಗಿಟ್ಟಿದ್ದುದರಿಂದ ಕೂಟಕ್ಕೆ ಏಷ್ಯನ್ ಕ್ರೀಡಾಕೂಟವೆಂಬ ಹೆಸರು ಸಲ್ಲದೆಂದು ಭಾರತದ ಕ್ರೀಡಾಧಿಕಾರಿ ಜಿ. ಡಿ. ಸೋಂಧಿ ಅವರು ವಾದಿಸಿದ್ದರು. ಜನರ ಸಿಟ್ಟು ಹೊತ್ತಿಕೊಂಡು ನಮ್ಮ ರಾಯಭಾರ ಕಚೇರಿಯ ಮೇಲೆಯೇ ದಾಳಿ ನಡೆಯಿತು. ಆಟಗಾರರು ಬೀದಿಯಲ್ಲಿ ಮುಖ ತೋರಿಸಲು ಅಂಜಬೇಕಾಯಿತು.

ಆಟದ ಆರಂಭವೂ ಕೆಟ್ಟುದಾಗಿಯೇ ಆಯಿತು. ದಕ್ಷಿಣ ಕೊರಿಯವು ಎರಡು ಗೋಲುಗಳಿಂದ ಗೆದ್ದಿತು. ಅನಂತರ ಥಾಯ್ಲೆಂಡನ್ನು, ಜಪಾನನ್ನು ನಮ್ಮವರು ಸೋಲಿಸಿದರು. ಥಾಯ್ಲೆಂಡಿನೊಡನೆ ಆಡುವಾಗ ಹಿಂಗಾವಲಿನ ಆಧಾರಸ್ತಂಭವಾದ ಜರ್ನೈಲ್ ಸಿಂಗ್ ಅವರ ತಲೆಯೊಡೆದು ಹೊಲಿಗೆ ಹಾಕಬೇಕಾಯಿತು. ಇಲ್ಲಿ ರಹೀಂ ಅವರ ಬುದ್ಧಿಯನ್ನು ನೋಡಬೇಕು. ಗಾಯಗೊಂಡವನನ್ನು ಅವರು ಕೂರಿಸಲಿಲ್ಲ, ಹಿಂದೆಯೂ ನಿಲ್ಲಿಸಲಿಲ್ಲ. ಮುಂದಿನ ಸಾಲಿಗೆ ತಂದು ಗೋಲು ಹೊಡೆಯುವ ಕೆಲಸ ಕೊಟ್ಟರು. ಉಪಾಂತ್ಯದಲ್ಲಿ ದಕ್ಷಿಣ ವಿಯೆಟ್ನಾಮಿನ ಎದುರು ನಾಯಕ ಚುನಿ ಗೋಸ್ವಾಮಿ ಎರಡು, ಜರ್ನೈಲ್ ಒಂದು ಗೋಲು ಹೊಡೆದು ತಂಡವನ್ನು ದಾಟಿಸಿದರು. ಹೊಲಿಗೆ ಹಾಕಿದ ತಲೆಯವನನ್ನು ಮೈದಾನಕ್ಕಿಳಿಸಿದುದು ಸರಿಯೇ ಎಂದು ಇಂದಿನ ವೈದ್ಯರು ಕೇಳಿಯಾರು. ನಮಗೂ ಆ ಅನುಮಾನವುಂಟು. ಗುರುವು ಎಷ್ಟು ಕೇಳಬಹುದು, ಶಿಷ್ಯನು ಎಷ್ಟು ಕೊಡಬಹುದು ಎಂಬುದನ್ನು ದೂರದಲ್ಲಿ ಕುಳಿತು ಅಳೆಯುವುದು ಕಠಿಣ.

ಅಂತಿಮ ಪಂದ್ಯದ ಹಿಂದಿನ ರಾತ್ರಿ ಅವರು ತಮ್ಮ ಹುಡುಗರೊಡನೆ ಕಳವಳದಿಂದ ಮಾತನಾಡಿ, ಮರುದಿನದ ಚಿನ್ನವನ್ನು ತಮಗೆ ಕಾಣಿಕೆಯಾಗಿ ಕೊಡಬೇಕೆಂದು ಬೇಡಿದರೆಂದು ಆಟಗಾರರು ಮುಂದೆ ನೆನೆಯುತ್ತಿದ್ದರು. ಸೆಪ್ಟೆಂಬರ್ 4ರಂದು ಲಕ್ಷದಷ್ಟು ಜನ ಕಿಕ್ಕಿರಿದ ಕ್ರೀಡಾಂಗಣದಲ್ಲಿ ನಮ್ಮ ರಾಷ್ಟ್ರಗೀತೆಗೂ ಕೂಗಾಟದ ಅವಮಾನವಾಯಿತು. ಆ ಜನಸಾಗರದಲ್ಲಿ ನಮ್ಮವರಿಗಾಗಿ ಕೂಗಿದ ಸಣ್ಣ ಗುಂಪೊಂದೇ, ಅದು ಪಾಕಿಸ್ತಾನದ ಹಾಕಿ ತಂಡ! ಈ ಒಂದು ಸಂಗತಿಯನ್ನು ನಮ್ಮ ಮಕ್ಕಳಿಗೆ ತಪ್ಪದೆ ಹೇಳಬೇಕೆಂದು ನಮಗೆ ತೋರುತ್ತದೆ. ಜ್ವರದಿಂದ ಹಿಂದಿನ ಪಂದ್ಯಗಳಲ್ಲಿ ಹೊರಗುಳಿದಿದ್ದ ಪೀಟರ್ ತಂಗರಾಜರನ್ನು ರಹೀಂ ಅವರು ಅಂದು ಗೋಲು ಕಾಯಲು ನಿಲ್ಲಿಸಿದರು. ಹದಿನೇಳನೆಯ ನಿಮಿಷದಲ್ಲಿ ಪಿ. ಕೆ. ಬ್ಯಾನರ್ಜಿ, ಅದಾದ ಮೂರು ನಿಮಿಷಕ್ಕೆ ಜರ್ನೈಲ್ ಸಿಂಗ್ ಗೋಲು ಹೊಡೆದರು. ಕೊರಿಯದವರು ಒಂದನ್ನು ತಿರುಗಿಸಿದುದು ಆಟ ಮುಗಿಯುವ ಹೊತ್ತಿಗೆ. ಎರಡನೆಯ ಚಿನ್ನ ನಮ್ಮದಾಯಿತು. ಅದಾದ ಮೇಲೆ ಏಷ್ಯನ್ ಕ್ರೀಡಾಕೂಟದ ಕಾಲ್ಚೆಂಡಾಟದಲ್ಲಿ ನಮ್ಮ ದೇಶಕ್ಕೆ ಚಿನ್ನ ಬಂದಿಲ್ಲ.

ಮನೆಗೆ ಮರಳಿದ ರಹೀಂ ಅವರು ಹಾಸಿಗೆ ಹಿಡಿದರು. 1963ರ ಜೂನ್ 11ರಂದು, ಐವತ್ತಮೂರನೆಯ ವಯಸ್ಸಿನಲ್ಲಿ, ಹೈದರಾಬಾದಿನಲ್ಲಿ ಅವರ ಜೀವನ ಕೊನೆಗೊಂಡಿತು. ಕ್ರೀಡಾಗುರುಗಳಿಗೆಂದೇ ಸರಕಾರವು ದ್ರೋಣಾಚಾರ್ಯ ಪ್ರಶಸ್ತಿಯನ್ನು ಸ್ಥಾಪಿಸಿದುದು 1985ರಲ್ಲಿ.

ಅವರು ಹಾಕಿಕೊಟ್ಟ ಹಾದಿಯು ಕೆಲಕಾಲ ನಡೆಯಿತು. 1970ರಲ್ಲಿ ಬ್ಯಾಂಕಾಕಿನ ಕೂಟದಲ್ಲಿ ಕಂಚು ಗೆದ್ದ ತಂಡದ ನಾಯಕರು ಹೈದರಾಬಾದಿನ ನಯೀಮುದ್ದೀನರು. ಆಮೇಲೆ ಹುಡುಗರನ್ನು ಶಾಲೆಯ ಬಯಲಿನಲ್ಲಿಯೇ ಹುಡುಕಿ, ಅವರ ಬಲಹೀನ ಕಾಲನ್ನು ತಿದ್ದುವ ಬೇಸರದ ಕೆಲಸಕ್ಕೆ ಕೈಹಾಕುವವರು ವಿರಳವಾದರು. ಒಬ್ಬ ಮನುಷ್ಯನ ಮೇಲೆ ಇಷ್ಟೊಂದು ಭಾರ ಹೊರಿಸಿ ನಿಶ್ಚಿಂತೆಯಿಂದಿದ್ದುದು ನಮ್ಮ ದೇಶದ ತಪ್ಪು ಎನ್ನದೆ ವಿಧಿಯಿಲ್ಲ.

ಇಷ್ಟನ್ನು ತರುಣರಿಗೆ ಹೇಳಿದ ಮೇಲೆ ಅವರು ತಾವಾಗಿಯೇ ಪಂದ್ಯಾವಳಿಯ ಕ್ರಮವನ್ನು ಬದಲಿಸಿಕೊಂಡು ಬಂದರು. ಮೊದಲನೆಯ ದಿನ ಎಡಗಾಲಿನ ಆಟ, ಎಡಚರಿಗೆ ಬಲಗಾಲು. ಎರಡನೆಯ ದಿನ ಕುಳ್ಳ ಹುಡುಗರದು, ಅಳತೆಗೆ ಶಾಲೆಯ ಗೋಡೆಯ ಮೇಲೆ ಸುಣ್ಣದ ಗೆರೆಯೆಳೆದಿದ್ದಾರೆ. ನಾವು ಆ ಗೆರೆಯ ಕೆಳಗೆ ನಿಂತು ನೋಡಿದೆವು; ನಾಲ್ಕು ಬೆರಳು ಮೇಲಾದೆವೆಂದು ಹುಡುಗರು ನಮ್ಮನ್ನು ಸೇರಿಸಿಕೊಳ್ಳಲಿಲ್ಲ.